ತಿರುಗಬಾರದ ಕಡೆಗೆ ತಿರುಗುವ ಚೆಂಡು: ಈ ಎಡಗೈ ಹುಡುಗನ ಬಗ್ಗೆ ಬಲ್ಲವರು ಹೇಳಿ

ಟವೆಲ್ ರಾಯ:

ಬೇಸ್‌ಬಾಲ್ ಬಲ್ಲವರು ಇಲ್ಲಿ ನಾಲ್ಕಾರು ಜನರಾದರೂ ಇದ್ದೀರಿ ಎಂದು ನಂಬಿ ಕೇಳುತ್ತಿದ್ದೇನೆ. ಪ್ರಶ್ನೆಗಿಂತ ಪೀಠಿಕೆಯೇ ಉದ್ದವಾಗುತ್ತದೆ. ಮೂವತ್ತೊಂದು ವರ್ಷ ಸರ್ಕಾರಿ ಟಿಪ್ಪಣಿ ಬರೆದ ಕೈ, ಕ್ಷಮಿಸಬೇಕು.

ನಾನು ರಸ್ತೆ ಎಂಜಿನಿಯರ್ ಆಗಿದ್ದವನು. ಘಾಟಿಯ ತಿರುವಿಗೆ ಎಷ್ಟು ತ್ರಿಜ್ಯ, ಎಷ್ಟು ಓರೆ ಎಂದು ಲೆಕ್ಕ ಹಾಕುವುದರಲ್ಲೇ ಕೂದಲು ನರೆಯಿತು. ನಿವೃತ್ತಿಯ ನಂತರ ಮಗಳ ಜೊತೆಗಿರಲು ಉತ್ತರ ಕೆರೊಲಿನಾಕ್ಕೆ ಬಂದೆ. ದುಡಿದ ಕೈ ಎಷ್ಟು ದಿನ ಮಡಿಲಲ್ಲಿ ಕೂರುತ್ತದೆ? ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಮೈನರ್ ಲೀಗ್ ತಂಡದ ಮೈದಾನವಿದೆ, ಹೈ-ಎ ಮಟ್ಟದ್ದು, ಎಂದರೆ ದೊಡ್ಡವರ ಮೇಜರ್ ಲೀಗಿಗಿಂತ ಮೂರು ಮೆಟ್ಟಿಲು ಕೆಳಗೆ. ಅಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸಕ್ಕೆ ಸೇರಿ ಇದು ಮೂರನೆಯ ವರ್ಷ. ಟಿಕೆಟ್ ನೋಡುವುದು, ಮಳೆ ನಿಂತ ಮೇಲೆ ಟವೆಲ್‌ನಿಂದ ಕುರ್ಚಿ ಒರೆಸಿಕೊಡುವುದು, ಚೆಂಡು ಆಟದಲ್ಲಿರುವಾಗ ಯಾರೂ ಮೆಟ್ಟಿಲಿಳಿಯದಂತೆ ಕೈ ಅಡ್ಡ ಹಿಡಿಯುವುದು, ಇಷ್ಟೇ ಕೆಲಸ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಂದಿಗೆ ಆರು ಪಂದ್ಯ, ಸೋಮವಾರ ರಜೆ. ಸಂಬಳದ ವಿಷಯ ಬೇಡ. ಆದರೆ ಆಡುವ ಹುಡುಗರ ಸಂಬಳ ಕೇಳಿದ ಮೇಲೆ ನನ್ನದರ ಬಗ್ಗೆ ದೂರುವುದನ್ನು ಬಿಟ್ಟೆ. 2023ರ ಒಪ್ಪಂದವಾದ ಮೇಲೆ ಈ ಮಟ್ಟದ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 27,300 ಡಾಲರ್ ಸಿಗುವಂತಾಯಿತು. ಅದಕ್ಕೂ ಮೊದಲು ಇನ್ನೂ ಕಡಿಮೆ ಇತ್ತು.

ನನ್ನ ಪಾಲಿಗೆ ಬಂದಿರುವುದು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ನೇರ ಹಿಂದಿನ ಸಾಲುಗಳು. ಬಲೆಯ ಈಚೆ ಕೂತು ನೋಡಿದರೆ ಚೆಂಡು ನಮ್ಮ ಮೂಗಿಗೇ ಬರುತ್ತದೆ. ಆಟಗಾರರನ್ನು ಅಳೆದು ತೂಗಿ ತಮ್ಮ ತಂಡಕ್ಕೆ ವರದಿ ಬರೆಯುವ ಸ್ಕೌಟ್‌ಗಳು ಕೂರುವುದೂ ಅಲ್ಲೇ. ಖಾಯಂ ಬರುವವರು ಇಬ್ಬರು. ಒಬ್ಬರು ಹುಲ್ಲಿನ ಟೋಪಿಯ ಹಿರಿಯರು, ಕೈಯಲ್ಲಿ ಉದ್ದನೆಯ ನೋಟ್‌ಬುಕ್. ಇನ್ನೊಬ್ಬ ಮೂವತ್ತರೊಳಗಿನವನು, ತೊಡೆಯ ಮೇಲೆ ಟ್ಯಾಬ್ಲೆಟ್. ಇಬ್ಬರ ಬಳಿಯೂ ವೇಗ ಅಳೆಯುವ ರೇಡಾರ್ ಗನ್ ಇರುತ್ತದೆ. ಅವರ ಪಕ್ಕದಲ್ಲೇ ನಮ್ಮ ತಂಡದ ಪಿಚರ್‌ಗಳೂ, ಎಂದರೆ ಚೆಂಡು ಎಸೆಯುವವರೂ, ಬಂದು ಕೂರುತ್ತಾರೆ. ಅಂದು ಎಸೆಯುವ ಸರದಿ ಇಲ್ಲದವರು ಸಾದಾ ಬಟ್ಟೆಯಲ್ಲಿ ಬಂದು ಪ್ರತಿಯೊಂದು ಎಸೆತವನ್ನೂ ಪಟ್ಟಿಗೆ ಇಳಿಸಬೇಕು. ಅದು ಅವರಿಗೆ ಹೋಮ್‌ವರ್ಕ್.

ಇನ್ನು ಹುಡುಗನ ವಿಷಯ. ಹೆಸರು ಬೇಡ. ಇಪ್ಪತ್ತೊಂದು ವರ್ಷ, ಎಡಗೈ, ತೆಂಗಿನ ಗರಿಯಂಥ ಮೈ. ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಈಗ ಇರುವುದು ಇಪ್ಪತ್ತೇ ಸುತ್ತು, ಇವನನ್ನು ಆರಿಸಿಕೊಂಡದ್ದು ಹದಿನೇಳನೆಯದರಲ್ಲಿ. ಎಂದರೆ ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಬಂದ ಅತಿಥಿ.

ಕಳೆದ ಗುರುವಾರ ಇವನು ಎಸೆಯುತ್ತಿದ್ದ. ಎರಡನೆಯ ಇನ್ನಿಂಗ್ಸ್, ಬಲಗೈ ಬ್ಯಾಟರ್. ನಾನು ಕೂತಿರುವ ಕಡೆಯಿಂದ ಎಡಗೈ ಪಿಚರನ ಕರ್ವ್‌ಬಾಲ್ ಬಲದಿಂದ ಎಡಕ್ಕೆ ಬಾಗಬೇಕು, ಬಲಗೈ ಬ್ಯಾಟರಿನ ಮೈ ಕಡೆಗೆ. ಮೂರು ವರ್ಷದಲ್ಲಿ ಸಾವಿರಾರು ನೋಡಿದ್ದೇನೆ. ಇದು ಕೈಯಿಂದ ಹೊರಟ ಕೂಡಲೇ ಒಂದು ಚೂರು ಮೇಲಕ್ಕೆ ಎದ್ದಿತು. ಆಮೇಲೆ ಎಡದಿಂದ ಬಲಕ್ಕೆ, ಬ್ಯಾಟರಿನಿಂದ ದೂರಕ್ಕೆ, ಕೆಳಗಿಳಿಯುತ್ತಾ ಹೋಯಿತು. ಬ್ಯಾಟರ್ ಬೀಸಿದ್ದು ಚೆಂಡು ಇರಬೇಕಿದ್ದ ಜಾಗಕ್ಕೆ. ಚೆಂಡು ಅಲ್ಲಿರಲಿಲ್ಲ. ನಾನು ಕೈ ಅಡ್ಡ ಹಿಡಿಯುವುದನ್ನು ಮರೆತೆ. ಒಬ್ಬ ಮಹಾಶಯ ನ್ಯಾಚೋಸ್ ತಟ್ಟೆ ಹಿಡಿದು ನನ್ನೆದುರೇ ಇಳಿದು ಹೋದ.

ತಿರುವು ಕಂಡರೆ ಕಣ್ಣಲ್ಲೇ ಅಳೆಯುವ ಚಟ ನನಗೆ ಇನ್ನೂ ಹೋಗಿಲ್ಲ. ಅದು ತಪ್ಪು ದಿಕ್ಕಿನ ತಿರುವು. ಬಲಕ್ಕೆ ಓರೆ ಕೊಟ್ಟ ರಸ್ತೆಯಲ್ಲಿ ಲಾರಿ ಎಡಕ್ಕೆ ಹೊರಳಿದ ಹಾಗೆ. ಅಂದು ಅಂಥವು ಒಂಬತ್ತು ಬಂದವು.

ಮರುದಿನ ಅವನು ಪಟ್ಟಿ ಬರೆಯಲು ನನ್ನ ಸಾಲಿಗೆ ಬಂದ. ಕೇಳಿದೆ. ನಾಚಿಕೆಯ ಹುಡುಗ, ಆದರೆ ಚೆಂಡಿನ ಮಾತು ಬಂದರೆ ಬಾಯಿ ಬಿಚ್ಚುತ್ತಾನೆ. ಅಜ್ಜ ಹೇಳಿಕೊಟ್ಟದ್ದಂತೆ. ಅಜ್ಜನೂ ಎಡಗೈಯವರು, 1981ರಲ್ಲಿ ಡಾಡ್ಜರ್ಸ್ ತಂಡದ ಫರ್ನಾಂಡೊ ವಾಲೆನ್ಸುವೆಲಾ ಎಸೆಯುವುದನ್ನು ಟಿವಿಯಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡವರು. ಇದರ ಹೆಸರು ಸ್ಕ್ರೂಬಾಲ್ ಎಂದ. ತಂಡದ ತರಬೇತುದಾರರು 'ಅದನ್ನು ಕಡಿಮೆ ಮಾಡು, ಸ್ಲೈಡರ್ ಕಲಿ' ಎನ್ನುತ್ತಿದ್ದಾರಂತೆ. ಸ್ಲೈಡರ್ ಎಂದರೆ ಕರ್ವ್‌ಬಾಲಿಗಿಂತ ವೇಗದ, ಕಡಿಮೆ ಬಾಗುವ ಎಸೆತ.

ಈಗ ನನ್ನ ತಲೆ ಕೊರೆಯುತ್ತಿರುವುದು ಇದು. ಇಷ್ಟು ಚಂದದ ಎಸೆತವನ್ನು ಮೂರು ವರ್ಷದಲ್ಲಿ ನಾನು ಇನ್ನೊಬ್ಬರ ಕೈಯಲ್ಲಿ ಕಂಡಿಲ್ಲವಲ್ಲ, ಏಕೆ? ಅದಕ್ಕಿಂತ ದೊಡ್ಡ ಒಗಟು, ಹುಲ್ಲಿನ ಟೋಪಿಯವರದು. ಹುಡುಗ ಫಾಸ್ಟ್‌ಬಾಲ್ ಎಸೆದಾಗಲೆಲ್ಲ ಅವರು ಗನ್ ಎತ್ತಿ ಹಿಡಿದರು, ಬರೆದುಕೊಂಡರು. ಪ್ಲೇಟಿನ ಹಿಂದೆ ಮಂಡಿ ಮಡಿಚಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಸ್ಕ್ರೂಬಾಲ್ ಕೇಳಿದ ಎಂದು ಹೇಗೋ ಅವರಿಗೆ ತಿಳಿಯುತ್ತಿತ್ತು, ಆಗ ಗನ್ ಕೆಳಗಿಡುತ್ತಿದ್ದರು. ಒಂಬತ್ತಕ್ಕೆ ಒಂಬತ್ತು ಸಲ. ಹೋಳಿಗೆ ಊಟಕ್ಕೆ ಬಂದು ಹೋಳಿಗೆ ಬಡಿಸುವಾಗ ಎಲೆಗೆ ಕೈ ಅಡ್ಡ ಹಿಡಿದಂತಾಯಿತಲ್ಲವೇ? ಹುಡುಗನಿಗೆ ಏನಾದರೂ ಧೈರ್ಯ ಹೇಳಬೇಕೆನಿಸುತ್ತದೆ. ಏನು ಹೇಳುವುದೆಂದು ತಿಳಿಯುತ್ತಿಲ್ಲ.

ಮ್ಯಾಟಿಂಗ್ ಪಿಚ್:

ರಾಯರೇ, ಅದು ಗೂಗ್ಲಿ! ಲೆಗ್ ಬ್ರೇಕ್ ಹಾಕುವವನ ಕೈಯಿಂದ ಒಳಕ್ಕೆ ತಿರುಗುವ ಚೆಂಡು ಬಂದರೆ ಏನಾಗುತ್ತದೆಯೋ ಅದೇ. ಎರಡೂ ಹೆಸರು ಮಾಡಿದ್ದು ಕೂಡ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಇಂಗ್ಲೆಂಡಿನಲ್ಲಿ ಬೊಸಾಂಕೆ 1900ರ ಸುಮಾರಿಗೆ ಗೂಗ್ಲಿ ತಂದರು. ಅದೇ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಕ್ರಿಸ್ಟಿ ಮ್ಯಾಥ್ಯೂಸನ್ ಇದೇ ಸ್ಕ್ರೂಬಾಲನ್ನು 'ಫೇಡ್‌ಅವೇ' ಎಂಬ ಹೆಸರಿನಲ್ಲಿ ಎಸೆಯುತ್ತಿದ್ದರು. ಒಂದೇ ವ್ಯತ್ಯಾಸ, ನಮಗೆ ನೆಲದ ಸಹಾಯವಿದೆ. ಅವರು ಗಾಳಿಯಲ್ಲೇ ತಿರುಗಿಸಬೇಕು.

ವಿಚಿತ್ರ ಎಸೆತ ಎಂದರೆ ನನಗೆ ಯಾವಾಗಲೂ ನಮ್ಮ ಚಂದ್ರಶೇಖರ್ ನೆನಪು. ಪೋಲಿಯೊದಿಂದ ಸೊರಗಿದ ಬಲಗೈಯನ್ನೇ ಚಾಟಿ ಮಾಡಿಕೊಂಡು 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದರು. ಬೇಸ್‌ಬಾಲಿನಲ್ಲೂ ಅಂಥ ಒಬ್ಬರಿದ್ದಾರೆ ಎಂದು ತಿಳಿದಾಗ ನನಗೆ ಸಂಭ್ರಮವಾಗಿತ್ತು: ಮೊರ್ಡೆಕೈ ಬ್ರೌನ್. ಇಂಡಿಯಾನಾದ ಹಳ್ಳಿಯ ಹುಡುಗ. ಬಾಲ್ಯದಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈಯ ತೋರುಬೆರಳು ಹೋಯಿತು, ಉಳಿದವೂ ಸೊಟ್ಟಗಾದವು. ಆ ಮೊಂಡು ಬೆರಳಿನ ಮೇಲಿಂದ ಉರುಳಿಸಿದ ಕರ್ವ್‌ಬಾಲ್ ಬೇರೆ ಯಾರಿಗೂ ಬರಲಿಲ್ಲ. 239 ಗೆಲುವು. ಇವರಿದ್ದ ಶಿಕಾಗೊ ಕಬ್ಸ್ 1907 ಮತ್ತು 1908ರಲ್ಲಿ ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಆಮೇಲೆ ಗೆಲ್ಲಲು ಆ ತಂಡಕ್ಕೆ 2016 ಬರಬೇಕಾಯಿತು!

ಹುಡುಗನಿಗೆ ಹೇಳಿ, ಬಿಡಬೇಡ ಅಂತ. ತರಬೇತುದಾರರು ಯಾವ ಕಾಲದಲ್ಲೂ ಹೀಗೆಯೇ.

ದಶಮಾಂಶ:

ಮೇಲಿನ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು. ಯಾರು ಏನನ್ನು ಸ್ಕ್ರೂಬಾಲ್ ಎಂದು ಕರೆದರೂ ನಾನು ಮೊದಲು ಅನುಮಾನಿಸುತ್ತೇನೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಚೇಂಜಪ್, ಎಂದರೆ ಫಾಸ್ಟ್‌ಬಾಲಿನಂತೆಯೇ ಕೈ ಬೀಸಿ ನಿಧಾನಕ್ಕೆ ಬಿಡುವ ಎಸೆತ. ಎಡಗೈ ಪಿಚರನ ಚೇಂಜಪ್ ಕೂಡ ಬಲಗೈ ಬ್ಯಾಟರಿನಿಂದ ದೂರಕ್ಕೇ ಸರಿಯುತ್ತದೆ. ಅದು ವಿಚಿತ್ರವೇನಲ್ಲ, ಪ್ರತಿಯೊಂದು ತಂಡದಲ್ಲೂ ಇದೆ.

ಪಿಚರ್ ಡೆವಿನ್ ವಿಲಿಯಮ್ಸ್ ಅವರನ್ನೇ ನೋಡಿ. ಮಿಲ್ವಾಕಿಯಲ್ಲಿದ್ದಾಗ 2020ರಲ್ಲಿ ನ್ಯಾಷನಲ್ ಲೀಗಿನ ವರ್ಷದ ಹೊಸ ಆಟಗಾರ ಆದರು. ಅವರ ಎಸೆತಕ್ಕೆ 'ಏರ್‌ಬೆಂಡರ್' ಎಂದು ಅಡ್ಡಹೆಸರು. ಸಾಮಾನ್ಯ ಚೇಂಜಪ್ ನಿಧಾನವಾಗಿ ಸುತ್ತುತ್ತದೆ, ಇವರದು ನಿಮಿಷಕ್ಕೆ 2,800 ಸುತ್ತಿನ ಆಸುಪಾಸು. ಚಲನೆ ಪೂರ್ತಿ ಸ್ಕ್ರೂಬಾಲಿನದು. ಆದರೂ ದಾಖಲೆಯಲ್ಲಿ ಅದು ಚೇಂಜಪ್. ಸ್ಕ್ರೂಬಾಲ್ ಸತ್ತಿಲ್ಲ, ಹೆಸರು ಬದಲಿಸಿಕೊಂಡು ಬೇರೆ ಮನೆ ಸೇರಿದೆ ಎಂದರೂ ಸರಿಯೇ.

ಎಸೆತಗಳಿಗೂ ಕಾಲಕಾಲಕ್ಕೆ ಗಿರಾಕಿ ಬರುತ್ತದೆ, ಹೋಗುತ್ತದೆ. ಈಗ ಸ್ವೀಪರಿನ ಕಾಲ, ಅದು ಅಡ್ಡಕ್ಕೆ ಅಗಲವಾಗಿ ಸರಿಯುವ ಸ್ಲೈಡರ್. 2023ರ ಮಾರ್ಚಿನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಫೈನಲಿನ ಕೊನೆಯ ಎಸೆತದಲ್ಲಿ ಜಪಾನಿನ ಒಟಾನಿ ಅಮೆರಿಕದ ಟ್ರೌಟ್ ಅವರನ್ನು ಔಟ್ ಮಾಡಿದ್ದು ಅದರಿಂದಲೇ. ಅದನ್ನು ಕ್ಯಾಮೆರಾ ಎದುರು ನಿಲ್ಲಿಸಿ ಕೆಲವೇ ವಾರಗಳಲ್ಲಿ ಕಲಿಸಬಹುದು. ಸ್ಕ್ರೂಬಾಲ್ ಕಲಿಸಲು ಬಲ್ಲವರೇ ಇಲ್ಲ. ತಂಡ ಹೇಳಿದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ರಾಯರು ನೋಡಿದ್ದು ಚೇಂಜಪ್ ಅಲ್ಲ ಎನ್ನಲು ಏನು ಆಧಾರ?

ಟವೆಲ್ ರಾಯ:

ದಶಮಾಂಶದವರೇ, ಆಧಾರ ಕೇಳಿದ್ದು ನ್ಯಾಯ. ನಾನೂ ಗುತ್ತಿಗೆದಾರರಿಗೆ ಅದನ್ನೇ ಕೇಳುತ್ತಿದ್ದೆ.

ಎರಡು ಆಧಾರ ಕೊಡುತ್ತೇನೆ. ಮೊದಲನೆಯದು, ಚೆಂಡು ಮೇಲಕ್ಕೆ ಎದ್ದದ್ದು. ಇದೇ ಹುಡುಗನಿಗೆ ಚೇಂಜಪ್ ಕೂಡ ಇದೆ. ಅದು ಫಾಸ್ಟ್‌ಬಾಲಿನ ಹಾಗೆಯೇ ಹೊರಟು, ಕೊನೆಯಲ್ಲಿ ಸುಸ್ತಾದವರ ಹಾಗೆ ಕೂರುತ್ತದೆ. ಇದಕ್ಕೆ ಕರ್ವ್‌ಬಾಲಿನ ಗೂನು ಇದೆ, ದಿಕ್ಕು ಮಾತ್ರ ತಿರುಗುಮುರುಗು. ಫಲಕದ ಮೇಲೆ ಫಾಸ್ಟ್‌ಬಾಲ್ 89, 90 ಮೈಲಿ ತೋರಿಸಿದರೆ ಇದು 75, 76. ಅವನ ಚೇಂಜಪ್ 82ರ ಸುತ್ತಮುತ್ತ.

ಎರಡನೆಯದು ಅವನು ಕೈಯಾರೆ ತೋರಿಸಿದ್ದು. ನನ್ನ ಬಳಿ ಒಂದು ಹಳೆಯ ಫೌಲ್ ಚೆಂಡು ಇತ್ತು, ಕೊಟ್ಟೆ. ಎಡಗೈಯಲ್ಲಿ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡುವ ಹಾಗೆ ಮಣಿಕಟ್ಟನ್ನು ತಿರುಗಿಸಿದ. ಹೆಬ್ಬೆರಳು ಕೆಳಕ್ಕೆ ಹೋಯಿತು, ಅಂಗೈ ಹೊರಕ್ಕೆ ಬಂತು, ಚೆಂಡು ನಡುಬೆರಳಿನ ಹೊರಬದಿಯಿಂದ ಉರುಳಿತು. ಕರ್ವ್‌ಬಾಲ್ ಎಂದರೆ ಮುಚ್ಚಳ ಸಡಿಲಿಸುವುದು, ಇದು ಬಿಗಿಯುವುದು, ಅಷ್ಟೇ ಎಂದ. ನಾನು ಮನೆಗೆ ಬಂದು ಅಡುಗೆ ಮನೆಯಲ್ಲಿ ಅಭ್ಯಾಸ ಮಾಡಿದೆ. ಮೊಣಕೈಯ ಒಳಗೆ ಎಲ್ಲೋ ಒಂದು ದಾರ ಎಳೆದಂತಾಯಿತು. ಮಗಳು ಬೈದಳು.

ಆ ಎಳೆತದಿಂದಲೇ ಹೊಸ ಭಯ ಹುಟ್ಟಿದೆ. ಹುಡುಗನ ತೋಳು ಉಳಿಯುತ್ತದೆಯೇ? ಮ್ಯಾಟಿಂಗ್ ಪಿಚ್‌ನವರು 'ಬಿಡಬೇಡ' ಎಂದು ಹೇಳಿಬಿಟ್ಟರು. ಹೇಳುವುದು ಸುಲಭ, ತೋಳು ನಮ್ಮದಲ್ಲವಲ್ಲ.

ಮಂಡಿ ನೋವು:

ರಾಯರಿಗೆ ನಮಸ್ಕಾರ. ನಾನು ಓಹಾಯೊದಲ್ಲಿ ಹುಟ್ಟಿ ಬೆಳೆದವನು. ಕನ್ನಡ ಅಮ್ಮನಿಂದ ಬಂದದ್ದು, ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿ. ಕಾಲೇಜಿನಲ್ಲಿ ನಾಲ್ಕು ವರ್ಷ ಕ್ಯಾಚರ್ ಆಗಿದ್ದೆ. ಹೆಸರಿನ ಕಾರಣ ಅದೇ. ಸ್ಕ್ರೂಬಾಲ್ ಹಿಡಿದದ್ದು ಒಂದೇ ಒಂದು ಬೇಸಿಗೆ. ಮೊದಲ ದಿನ ಮೂರು ಚೆಂಡು ನನ್ನ ಗ್ಲೌವ್ ದಾಟಿ ಹಿಂದಿನ ಗೋಡೆಗೆ ಹೋದವು. ಆದ್ದರಿಂದ ನಿಮ್ಮ ಕಣ್ಣನ್ನು ನಂಬುತ್ತೇನೆ. ಗೂನು ಇದ್ದರೆ, ವೇಗದಲ್ಲಿ ಹದಿನಾಲ್ಕು ಮೈಲಿಯ ಅಂತರವಿದ್ದರೆ, ಅದು ಸ್ಕ್ರೂಬಾಲ್.

ತೋಳಿನ ವಿಷಯ ಮೊದಲು. ಈ ಎಸೆತ ಮೊಣಕೈ ಮುರಿಯುತ್ತದೆ ಎಂಬುದು ಬಹಳ ಹಳೆಯ ನಂಬಿಕೆ. 1930ರ ದಶಕದ ಎಡಗೈ ಸ್ಕ್ರೂಬಾಲ್ ಪಿಚರ್ ಕಾರ್ಲ್ ಹಬ್ಬೆಲ್ ಅದಕ್ಕೆ ನಡೆದಾಡುವ ಜಾಹೀರಾತಿನಂತಿದ್ದರು. ತೋಳು ಇಳಿಬಿಟ್ಟರೆ ಅವರ ಎಡ ಅಂಗೈ ಹೊರಕ್ಕೆ ಮುಖ ಮಾಡಿರುತ್ತಿತ್ತು. ನೋಡಿದವರಿಗೆ ಹೆದರಿಕೆ ಆಗದೆ ಇರುತ್ತದೆಯೇ? ಆದರೆ ಆ ತೋಳು 253 ಪಂದ್ಯ ಗೆದ್ದಿತು. ಫಾಸ್ಟ್‌ಬಾಲ್ ಎಸೆದಾಗಲೂ ಚೆಂಡು ಬಿಟ್ಟ ಮರುಕ್ಷಣ ಪ್ರತಿಯೊಬ್ಬರ ಕೈಯೂ ಅದೇ ದಿಕ್ಕಿಗೆ, ಹೆಬ್ಬೆರಳು ಕೆಳಕ್ಕೆ ಹೋಗುವ ಕಡೆಗೇ, ತಾನಾಗಿ ಹೊರಳುತ್ತದೆ. ಸ್ಕ್ರೂಬಾಲಿನವನು ಅದನ್ನು ಚೆಂಡು ಕೈಯಲ್ಲಿರುವಾಗಲೇ ಶುರು ಮಾಡುತ್ತಾನೆ. ಬೇರೆ ಎಸೆತಗಳಿಗಿಂತ ಇದು ಹೆಚ್ಚು ಹಾನಿಕರ ಎಂದು ಸಾಬೀತಾಗಿಲ್ಲ. ಮೇಜರ್ ಲೀಗ್‌ನವರೇ 2024ರ ಡಿಸೆಂಬರಿನಲ್ಲಿ ಪಿಚರ್‌ಗಳ ಗಾಯಗಳ ಬಗ್ಗೆ ದೊಡ್ಡ ವರದಿ ಹೊರತಂದರು. ಅದರಲ್ಲಿ ಬೆರಳು ತೋರಿಸಿದ್ದು ಮುಖ್ಯವಾಗಿ ವೇಗದ ಬೆನ್ನು ಹತ್ತಿರುವುದರ ಕಡೆಗೆ, ಪ್ರತಿ ಎಸೆತಕ್ಕೂ ಮೈಯ ಶಕ್ತಿಯನ್ನೆಲ್ಲ ಹಿಂಡುವುದರ ಕಡೆಗೆ. (ಅಡುಗೆ ಮನೆಯಲ್ಲಿ ಅಭ್ಯಾಸ ಮಾತ್ರ ಬೇಡ, ನಿಮ್ಮ ಮಗಳ ಮಾತು ಸರಿ.)

ತರಬೇತುದಾರರು ಬೇಡವೆನ್ನುವುದೂ ಹೊಸದಲ್ಲ. ಇದೇ ಹಬ್ಬೆಲ್ 1926ರಲ್ಲಿ ಡೆಟ್ರಾಯಿಟ್ ತಂಡದ ಶಿಬಿರಕ್ಕೆ ಹೋದಾಗ ಅಲ್ಲಿಯವರು ಆ ಚೆಂಡನ್ನು ಎಸೆಯಕೂಡದು ಎಂದರು. ಆಗ ಅಲ್ಲಿ ಮ್ಯಾನೇಜರ್ ಟೈ ಕಾಬ್. ಹಬ್ಬೆಲ್ ಡೆಟ್ರಾಯಿಟ್ ಪರವಾಗಿ ಒಂದೂ ಪಂದ್ಯ ಆಡಲಿಲ್ಲ. 1928ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಸೇರಿದ ಮೇಲೆ ಕೈಬಿಟ್ಟದ್ದನ್ನು ಮತ್ತೆ ಹಿಡಿದರು. 1934ರ ಆಲ್-ಸ್ಟಾರ್ ಪಂದ್ಯದಲ್ಲಿ ರೂತ್, ಗೆರಿಗ್, ಫಾಕ್ಸ್, ಸಿಮನ್ಸ್, ಕ್ರೋನಿನ್, ಐವರನ್ನೂ ಸಾಲಾಗಿ ಸ್ಟ್ರೈಕ್‌ಔಟ್ ಮಾಡಿದರು. ಐವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದವರು.

ಒಂದು ಕಾಲದಲ್ಲಿ ಸ್ಕ್ರೂಬಾಲ್ ಅಷ್ಟೇನೂ ಅಪರೂಪವಾಗಿರಲಿಲ್ಲ. 1969ರಲ್ಲಿ ಕ್ವೆಯಾರ್, 1974ರಲ್ಲಿ ಮೈಕ್ ಮಾರ್ಷಲ್, 1981ರಲ್ಲಿ ವಾಲೆನ್ಸುವೆಲಾ, 1984ರಲ್ಲಿ ವಿಲ್ಲಿ ಹರ್ನಾಂಡೆಸ್: ಹದಿನಾರು ಋತುಗಳಲ್ಲಿ ನಾಲ್ವರು ಸ್ಕ್ರೂಬಾಲಿನವರು ವರ್ಷದ ಅತ್ಯುತ್ತಮ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದರು. ವಾಲೆನ್ಸುವೆಲಾ ಅವರಿಗೂ ಹುಟ್ಟಿನಿಂದ ಬಂದದ್ದಲ್ಲ. ಡಾಡ್ಜರ್ಸ್ ಸೇರಿದ ಮೇಲೆ ಬಾಬಿ ಕಸ್ಟಿಲ್ಲೊ ಎಂಬ ಸಹಪಿಚರ್ ಕಲಿಸಿದರು. 1981ರಲ್ಲಿ ಮೊದಲ ಎಂಟು ಪಂದ್ಯ ಎಂಟೂ ಗೆದ್ದರು. ಕೈಯಿಂದ ಕೈಗೆ ದಾಟುವ ವಿದ್ಯೆ ಇದು. ನಡುವೆ ಒಂದು ತಲೆಮಾರು ಬಿಟ್ಟರೆ ಕೇಳಲು ಯಾರೂ ಇರುವುದಿಲ್ಲ. ನಿಮ್ಮ ಹುಡುಗನಿಗೆ ಅಜ್ಜ ಸಿಕ್ಕಿದ್ದು ಭಾಗ್ಯ.

ಈಗ ಕಹಿ ಭಾಗ. ನಿಮ್ಮ ಹುಡುಗನಿಗೆ ಹತ್ತಿರದ ಉದಾಹರಣೆ ಬ್ರೆಂಟ್ ಹನಿವೆಲ್. ಟ್ಯಾಂಪಾ ಬೇ ತಂಡ 2014ರಲ್ಲಿ ಆರಿಸಿಕೊಂಡ ಬಲಗೈ ಪಿಚರ್. ಸ್ಕ್ರೂಬಾಲ್ ಕಲಿಸಿದ್ದು ತಂದೆ, ತಂದೆಯ ಸೋದರ ಸಂಬಂಧಿ ಆ ಮೈಕ್ ಮಾರ್ಷಲ್. ಮನೆತನದ ವಿದ್ಯೆ ಎನ್ನಬಹುದು. 2017ರಲ್ಲಿ ಮೈನರ್ ಲೀಗಿನ ಉತ್ತಮರೆಲ್ಲ ಆಡುವ ಫ್ಯೂಚರ್ಸ್ ಗೇಮ್‌ನಲ್ಲಿ ಅತ್ಯುತ್ತಮ ಆಟಗಾರನಾದರು. ದೇಶವೆಲ್ಲ ಅವರ ಎಸೆತದ ಮಾತು. 2018ರಲ್ಲಿ ಮೊಣಕೈಯ ಹರಿದ ಕಟ್ಟುನಾರನ್ನು ಬದಲಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಚೇತರಿಸಿಕೊಳ್ಳುತ್ತಿರುವಾಗ 2019ರಲ್ಲಿ ಮೊಣಕೈಯ ಮೂಳೆ ಮುರಿತ. ಮೇಜರ್ ಲೀಗ್ ಮೈದಾನ ಹತ್ತಿದ್ದು 2021ರ ಏಪ್ರಿಲ್‌ನಲ್ಲಿ. ಆಮೇಲೆ ತಂಡದಿಂದ ತಂಡಕ್ಕೆ ಸುತ್ತಿದರು. 2024ರಲ್ಲಿ ಡಾಡ್ಜರ್ಸ್ ಪರವಾಗಿ ವರ್ಲ್ಡ್ ಸೀರೀಸ್‌ನಲ್ಲಿ ಎಸೆದರು, ಅದೂ ಸೋಲುತ್ತಿದ್ದ ಪಂದ್ಯದಲ್ಲಿ ಉಳಿದವರ ತೋಳು ಉಳಿಸಲು. ಇದಕ್ಕೆಲ್ಲ ಸ್ಕ್ರೂಬಾಲ್ ಕಾರಣ ಎಂದು ನಾನು ಹೇಳಲಾರೆ. ಅವರ ಫಾಸ್ಟ್‌ಬಾಲ್ ಕೂಡ ಬಿರುಸಿನದೇ. ಆದರೆ ಸ್ಕೌಟ್‌ಗಳ ನೆನಪಿನಲ್ಲಿ ಆ ಕತೆ ಇರುತ್ತದೆ.

ಹುಲ್ಲಿನ ಟೋಪಿಯವರ ಗನ್ ಬಗ್ಗೆ. ಸ್ಕೌಟ್‌ಗಳು ಪ್ರತಿ ಬಗೆಯ ಎಸೆತಕ್ಕೂ 20ರಿಂದ 80ರವರೆಗೆ ಅಂಕ ಕೊಡುತ್ತಾರೆ, 50 ಎಂದರೆ ಮೇಜರ್ ಲೀಗಿನ ಸರಾಸರಿ. ನಿಮ್ಮ ಹುಡುಗನ ಸ್ಕ್ರೂಬಾಲಿಗೆ 60 ಕೊಟ್ಟರೂ ಕೊಡಬಹುದು. ಅವರನ್ನು ಕಾಡುವ ಪ್ರಶ್ನೆ ಬೇರೆ: ಅವನ 90 ಮೈಲಿಯ ಫಾಸ್ಟ್‌ಬಾಲಿಗೆ ಎಷ್ಟು ಅಂಕ? ಪಿಚರನ ಕಾಲಿನಿಂದ ಪ್ಲೇಟಿಗೆ 60 ಅಡಿ 6 ಇಂಚು. ಚೆಂಡು ಬರಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಬೀಸಬೇಕೋ ಬೇಡವೋ ಎಂದು ಬ್ಯಾಟರ್ ಅದರ ಅರ್ಧದೊಳಗೆ ನಿರ್ಧರಿಸಬೇಕು. ಫಾಸ್ಟ್‌ಬಾಲಿಗೆ ಹೆದರಿ ಬೇಗ ಹೊರಟವನು ಮಾತ್ರ ಸ್ಕ್ರೂಬಾಲಿಗೆ ಬೀಳುತ್ತಾನೆ. ಹೆದರಿಕೆ ಇಲ್ಲದವನು ಗೂನು ಕಂಡ ಕೂಡಲೇ ಬ್ಯಾಟನ್ನು ಭುಜದ ಮೇಲೆ ಇಟ್ಟುಕೊಂಡು ನಿಲ್ಲುತ್ತಾನೆ. ಹೈ-ಎ ಮಟ್ಟದಲ್ಲಿ ಬೀಸುತ್ತಾರೆ, ಎರಡು ಮೆಟ್ಟಿಲು ಮೇಲೆ ಹೋದರೆ ನಿಲ್ಲುತ್ತಾರೆ. ಅದಕ್ಕೇ ಅವರು ಫಾಸ್ಟ್‌ಬಾಲ್ ಅಳೆದರು. ಸ್ಕ್ರೂಬಾಲಿನ ವೇಗ ಅವರಿಗೆ ಬೇಕಿರಲಿಲ್ಲ, ಆಸಕ್ತಿಯೂ ಇದ್ದಿರಲಿಕ್ಕಿಲ್ಲ.

ಮುಂದಿನ ಸಲ ಒಂದು ಕೆಲಸ ಮಾಡಿ. ಸ್ಕ್ರೂಬಾಲನ್ನು ನೋಡಬೇಡಿ. ಅದರ ಹಿಂದಿನ ಎಸೆತ ಯಾವುದಿತ್ತು, ಎಲ್ಲಿ ಬಿತ್ತು ಎಂದು ಬರೆದುಕೊಳ್ಳಿ. ಹುಡುಗನಿಗೆ ಋತುವಿನ ಮಧ್ಯೆ ಸಲಹೆ ಮಾತ್ರ ಬೇಡ. ಅವನಿಗೆ ಈಗಾಗಲೇ ಆರು ಜನ ಹೇಳುತ್ತಿರುತ್ತಾರೆ.

ದಶಮಾಂಶ:

ಗೂನು, ಹದಿನಾಲ್ಕು ಮೈಲಿ. ಸರಿ, ಒಪ್ಪಿದೆ. ತಣ್ಣೀರು ಹಿಂದಕ್ಕೆ ತೆಗೆದುಕೊಂಡೆ. ಮುಂದಿನ ಪಂದ್ಯದ ಲೆಕ್ಕ ಇಲ್ಲಿ ಹಾಕಿ ರಾಯರೇ.

ಟವೆಲ್ ರಾಯ:

ತಂಡ ಒಂದು ವಾರ ಹೊರ ಊರಿಗೆ ಹೋಗಿತ್ತು, ಅದಕ್ಕೇ ತಡ. ನಿನ್ನೆ ಹುಡುಗ ಎಸೆದ.

ಮಂಡಿ ನೋವಿನವರು ಹೇಳಿದಂತೆಯೇ ಮಾಡಿದೆ. ಲೆಕ್ಕಕ್ಕೆ ಕಾಗದ ಬೇಕಲ್ಲ, ಹಾಟ್ ಡಾಗ್ ಸುತ್ತಿ ಕೊಡುವ ಕಾಗದದ ಹಿಂಬದಿ ಸಿಕ್ಕಿತು. ಒಟ್ಟು ಹನ್ನೊಂದು ಸ್ಕ್ರೂಬಾಲ್. ಆರಕ್ಕೆ ಬ್ಯಾಟರ್ ಬೀಸಿದ, ಐದಕ್ಕೆ ಸುಮ್ಮನೆ ನಿಂತ. ಬೀಸಿದ ಆರರಲ್ಲಿ ಐದರ ಹಿಂದಿನ ಎಸೆತ ಬಲಗೈ ಬ್ಯಾಟರಿನ ಮುಷ್ಟಿಯ ಹತ್ತಿರ, ಒಳಬದಿಗೆ ಬಂದ ಫಾಸ್ಟ್‌ಬಾಲ್. ಸುಮ್ಮನೆ ನಿಂತ ಐದರಲ್ಲಿ ನಾಲ್ಕರ ಹಿಂದಿನ ಫಾಸ್ಟ್‌ಬಾಲ್ ಎಲ್ಲೋ ಮೇಲೆ, ಇಲ್ಲವೇ ಹೊರಗೆ ಹೋಗಿತ್ತು. ಹನ್ನೊಂದು ಎಸೆತದಿಂದ ಸಿದ್ಧಾಂತ ಕಟ್ಟಬಾರದು, ದಶಮಾಂಶದವರು ನಗುತ್ತಾರೆ. ಆದರೂ ಬರೆದು ಮುಗಿಸಿ ನೋಡಿದಾಗ ನನಗೆ ನನ್ನ ಮೇಲೇ ಸ್ವಲ್ಪ ಸಿಟ್ಟು ಬಂತು. ಎರಡು ವಾರದಿಂದ ನಾನು ತಿರುವನ್ನೇ ನೋಡುತ್ತಾ ಕೂತಿದ್ದೆ. ತಿರುವಿಗೆ ಮುಂಚಿನ ನೇರ ರಸ್ತೆಯಲ್ಲಿ ಚಾಲಕ ಎಷ್ಟು ವೇಗ ಹಿಡಿದು ಬರುತ್ತಾನೆ ಎನ್ನುವುದರ ಮೇಲೆ ತಿರುವಿನ ಅಪಾಯ ನಿಂತಿದೆ. ಇದನ್ನು ಕಿರಿಯ ಎಂಜಿನಿಯರ್‌ಗಳಿಗೆ ಹೇಳಿಕೊಟ್ಟವನು ನಾನೇ.

ಐದನೆಯ ಇನ್ನಿಂಗ್ಸ್‌ನಲ್ಲಿ ಹುಡುಗ ದಣಿದ. ಫಾಸ್ಟ್‌ಬಾಲ್ 87ಕ್ಕೆ ಇಳಿಯಿತು. ಇಬ್ಬರಿಗೆ ಸಾಲಾಗಿ ವಾಕ್ ಕೊಟ್ಟ, ಎಂದರೆ ತಲಾ ನಾಲ್ಕು ತಪ್ಪು ಎಸೆತ ಹಾಕಿ ಬಿಟ್ಟಿಯಾಗಿ ಮೊದಲ ಬೇಸಿಗೆ ಕಳಿಸಿದ. ಇಬ್ಬರೂ ಸ್ಕ್ರೂಬಾಲಿಗೆ ಮಿಸುಕಲೇ ಇಲ್ಲ. ಮ್ಯಾನೇಜರ್ ಬಂದು ಚೆಂಡು ಇಸಿದುಕೊಂಡರು.

ಹುಲ್ಲಿನ ಟೋಪಿಯವರು ನನ್ನ ಕಾಗದವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಏನು ಎಣಿಸುತ್ತಿದ್ದೀರಿ ಎಂದು ಕೇಳಿಯೇ ಬಿಟ್ಟರು. ತೋರಿಸಿದೆ. ಧೈರ್ಯ ಮಾಡಿ ನಾನೂ ಕೇಳಿದೆ: ಆ ಚೆಂಡು ಬಂದಾಗಲೆಲ್ಲ ಗನ್ ಕೆಳಗಿಡುತ್ತೀರಲ್ಲ, ಅದು ನಿಮಗೆ ಲೆಕ್ಕಕ್ಕಿಲ್ಲವೇ? ಅವರು ನಗಲಿಲ್ಲ. ಗನ್ ಹಿಡಿದರೆ ಕಣ್ಣು ಅಂಕಿಯ ಮೇಲೆ ಹೋಗುತ್ತದೆ, ಆ ಒಂದು ಎಸೆತಕ್ಕೆ ತಾನು ನೋಡುವುದು ಬ್ಯಾಟರಿನ ಮುಂದಿನ ಮೊಣಕಾಲನ್ನು ಎಂದರು. ಮೊಣಕಾಲು ಗಡಿಬಿಡಿಯಿಂದ ಮಡಿಚಿತೋ, ಆರಾಮವಾಗಿ ನಿಂತಿತೋ, ಅಷ್ಟೇ ತಮಗೆ ಬೇಕಾದದ್ದು ಎಂದರು. ಎಂದರೆ ಮಂಡಿ ನೋವಿನವರೇ, ಆಸಕ್ತಿ ಇರಲಿಲ್ಲ ಎಂದದ್ದು ತಪ್ಪಾಯಿತು. ನಾವೆಲ್ಲ ಚೆಂಡು ನೋಡುತ್ತಿದ್ದಾಗ ಅವರೊಬ್ಬರೇ ಬೇರೆ ಕಡೆ ನೋಡುತ್ತಿದ್ದರು.

ನಿನ್ನೆ ಹನ್ನೊಂದರಲ್ಲಿ ಎಷ್ಟು ಮೊಣಕಾಲು ಮಡಿಚಿದವು ಎಂದು ಕೇಳಿದೆ. ಅದನ್ನು ಹೇಳಲಿಲ್ಲ. ನೋಟ್‌ಬುಕ್ ತೆರೆದು, ಪರೀಕ್ಷೆಯಲ್ಲಿ ಪಕ್ಕದವನಿಗೆ ಕಾಣದಂತೆ ತೋಳು ಅಡ್ಡ ಇಟ್ಟುಕೊಂಡು ಬರೆಯುವ ಹುಡುಗನ ಹಾಗೆ ಏನೋ ಬರೆದರು. ಅರ್ಧ ಪುಟ ತುಂಬಿತು. ಇಷ್ಟು ದಿನದಲ್ಲಿ ಅವರು ಯಾರ ಬಗ್ಗೆಯೂ ನಾಲ್ಕು ಸಾಲಿಗಿಂತ ಹೆಚ್ಚು ಬರೆದದ್ದನ್ನು ನಾನು ಕಂಡಿಲ್ಲ.

ಇವತ್ತು ಹುಡುಗ ಪಟ್ಟಿ ಬರೆಯಲು ಬಂದಿದ್ದ, ಮುಖ ಸಣ್ಣದು ಮಾಡಿಕೊಂಡು. ಸಲಹೆ ಕೊಡಲಿಲ್ಲ, ಮಂಡಿ ನೋವಿನವರ ಮಾತು ನೆನಪಿತ್ತು. ಕುರ್ಚಿ ಒಣಗಿಯೇ ಇತ್ತು, ಆದರೂ ಒಂದು ಸಲ ಒರೆಸಿಕೊಟ್ಟೆ. ಅರ್ಧ ಪುಟದ ವಿಷಯ ಹೇಳಬೇಕೋ ಬೇಡವೋ ಎಂದು ಏಳನೆಯ ಇನ್ನಿಂಗ್ಸ್‌ವರೆಗೆ ಒದ್ದಾಡಿ, ಕೊನೆಗೆ ಹೇಳಿದೆ. ಅವನು ಪಟ್ಟಿಯಿಂದ ತಲೆ ಎತ್ತದೆ, ಒಳ್ಳೆಯದನ್ನು ಬರೆದರೋ ಕೆಟ್ಟದ್ದನ್ನೋ ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಮೇಲಿನ ಸಾಲಿನವರು ಯಾರೋ ಕುರ್ಚಿಗೆ ಸೋಡಾ ಚೆಲ್ಲಿಕೊಂಡು ಟವೆಲ್ ಕೂಗಿದರು.